ಮುಂಜಾನೆಯ ಸುದ್ದಿಗೆ ಹೊಣೆಗಾರ ಬೇಕು

ಮನುಷ್ಯನ ದಿನಚರ್ಯೆಯಲ್ಲಿ ಪ್ರಾತಃಕಾಲಕ್ಕೆ ಇರುವ ಮಹತ್ವವನ್ನು ನಮ್ಮ ಹಿರಿಯರಿಗೆ ಬೇರೆ ಹೇಳಬೇಕಾಗಿಲ್ಲ. ನಸುಕಿನಲ್ಲೆದ್ದು, ಸ್ನಾನ ಪೂಜೆಗಳನ್ನು ಮುಗಿಸಿ, ಹಣೆಯ ಮೇಲಿನ ವಿಭೂತಿ ಆರುವ ಮೊದಲೇ ಕಟ್ಟೆಗೆ ಬಂದು ಕುಳಿತು, ಹೊಸಪೇಟೆ ಕಡೆಯಿಂದ ಪೇಪರಿನ ಕಟ್ಟು ಬಂದಿತೇ ಎಂದು ಹೆದ್ದಾರಿಯತ್ತ ಕಣ್ಣು ಹಾಯಿಸುವುದು ಮರಿಯಮ್ಮನಹಳ್ಳಿಯಂತಹ ಊರುಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಒಬ್ಬರು ಓದುವರು, ಹತ್ತು ಮಂದಿ ಕೇಳುವರು. ಕಣ್ಣು ಮಂಜಾದವರಿಗೂ ಅಕ್ಷರ ಕಲಿಯದವರಿಗೂ ಲೋಕದ ವರ್ತಮಾನ ತಿಳಿಯುತ್ತಿದ್ದುದು ಹೀಗೆಯೇ. ಓದುವವನು ತಪ್ಪು ಓದಿದರೆ ಕೇಳುವವರು ಬಿಡುತ್ತಿರಲಿಲ್ಲ. ಇನ್ನೊಮ್ಮೆ ಓದಪ್ಪಾ ಎಂದು ಆಜ್ಞೆಯಾಗುತ್ತಿತ್ತು. ಒಗ್ಗರಣೆ ಮಿರ್ಚಿಯ ಪೊಟ್ಟಣದ ಕಾಗದವನ್ನು ಸಹ ಬಿಡಿಸಿ ಓದುವ ಅಭ್ಯಾಸದವರು ನಮ್ಮವರು.

ಈಗ ಕಟ್ಟೆಗೆ ಪೇಪರ್ ಬರುವ ಮುಂಚೆಯೇ ಸುದ್ದಿ ಬಂದಿರುತ್ತದೆ. ಮಗನ ಮೊಬೈಲಿನಲ್ಲಿ, ಮೊಮ್ಮಗಳ ಮೊಬೈಲಿನಲ್ಲಿ, ಇತ್ತೀಚೆಗೆ ಅಜ್ಜನ ಅಂಗಿಯ ಜೇಬಿನಲ್ಲಿಯೇ. ಹೂವಿನ ಚಿತ್ರದ ಶುಭೋದಯಗಳು ಹತ್ತು, ದೇವರ ಪಟಗಳು ಐದು, ಅವುಗಳ ನಡುವೆ ಯಾರೋ ಕಳಿಸಿದ ಒಂದು ಸುದ್ದಿ. ಮುಖ ತೊಳೆಯುವ ಮುನ್ನವೇ ಅದನ್ನು ನೋಡಿ, ಮನೆಯವರಿಗೆಲ್ಲ ಹೇಳಿ, ನಾಲ್ಕು ಜನಕ್ಕೆ ಮುಂದೂಡಿ, ಆಮೇಲೆ ಹಲ್ಲುಜ್ಜಲು ಹೋಗುವವರು ಹಿರಿಯರಲ್ಲಿಯೂ ಇದ್ದಾರೆ. ಇದನ್ನು ಕಂಡು ಬೇಸತ್ತ ಕೆಲವರು ಮೊಬೈಲೇ ಅನಿಷ್ಟ, ಅದರಲ್ಲಿ ಬರುವುದೆಲ್ಲ ಸುಳ್ಳು, ಕಾಗದದ ಮೇಲೆ ಅಚ್ಚಾದುದೇ ಸತ್ಯ ಎಂದು ತೀರ್ಪು ಕೊಡುತ್ತಾರೆ. ಈ ತೀರ್ಪನ್ನು ಒಪ್ಪಲಾಗದು.

ಕಾಗದ, ಮಸಿ, ಗಾಜು ಇವೆಲ್ಲ ಸುದ್ದಿಯ ವಾಹನಗಳು ಮಾತ್ರ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದಾಗ ಅದು ಕಲ್ಲಚ್ಚಿನಲ್ಲಿ ಮುದ್ರಣವಾಗಿತ್ತು. ನಾಲ್ಕೇ ಪುಟ, ಹದಿನೈದು ದಿನಕ್ಕೊಮ್ಮೆ. ಆ ದಿನವನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಅದೇ ಪತ್ರಿಕೆ ಮರುವರ್ಷ, 1844ರಲ್ಲಿ, ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರಿನಿಂದ ಅಚ್ಚಾಯಿತೆಂಬ ಸಂಗತಿಯನ್ನು ನಮ್ಮ ಭಾಗದವರೇ ನೆನೆಯುವುದಿಲ್ಲ. ಊರ ವರ್ತಮಾನ, ಸರ್ಕಾರದ ನಿರೂಪ, ಹೊರ ರಾಜ್ಯಗಳ ಸುದ್ದಿ ಇವು ಆ ಪುಟಗಳಲ್ಲಿದ್ದವು. ಕಲ್ಲಿನಿಂದ ಸೀಸದ ಅಚ್ಚುಮೊಳೆಗೆ, ಅಲ್ಲಿಂದ ಆಫ್‌ಸೆಟ್ಟಿಗೆ ಸುದ್ದಿ ಸಾಗಿಬಂದಿತು. 1996ರಲ್ಲಿ ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ಇಂದು ಪ್ರಜಾವಾಣಿ, ಸಂಯುಕ್ತ ಕರ್ನಾಟಕ, ಕನ್ನಡಪ್ರಭ, ಉದಯವಾಣಿ, ವಿಜಯ ಕರ್ನಾಟಕ, ವಿಜಯವಾಣಿ ಮುಂತಾದ ಪತ್ರಿಕೆಗಳೆಲ್ಲ ಜಾಲತಾಣದಲ್ಲಿಯೂ ಸಿಗುತ್ತವೆ. ಅಚ್ಚಾದ ಪುಟವನ್ನೇ ಹಾಗೆಯೇ ತೋರಿಸುವ ಇ-ಪೇಪರ್ ಕೂಡ ಇದೆ. ವಾಹನ ಬದಲಾದ ಮಾತ್ರಕ್ಕೆ ಸವಾರಿ ಮಾಡುವ ಸುದ್ದಿ ಸುಳ್ಳಾಗುವುದಿಲ್ಲ.

ಹಾಗಾದರೆ ಕೆಡುಕು ಎಲ್ಲಿದೆ? ನಿಮ್ಮ ಕೈಯಲ್ಲಿರುವ ಯಾವುದಾದರೂ ಪೇಪರಿನ ಕೊನೆಯ ಪುಟವನ್ನು ತಿರುವಿ, ತೀರ ಅಡಿಯ ಸಾಲನ್ನು ನೋಡಿರಿ. ಇರುವೆ ಹರಿದಂತಹ ಸಣ್ಣ ಅಕ್ಷರ, ಯಾರೂ ಓದುವುದಿಲ್ಲ. ಮುದ್ರಕರು ಇಂಥವರು, ಪ್ರಕಾಶಕರು ಇಂಥವರು, ಸಂಪಾದಕರು ಇಂಥವರು, ಅಚ್ಚಾದ ಸ್ಥಳ ಇಂಥದು ಎಂದು ಅಲ್ಲಿ ಬರೆದಿರುತ್ತದೆ. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆಯಿಂದ ಬಂದ ಪದ್ಧತಿ ಅದು. ಬ್ರಿಟಿಷ್ ಸರ್ಕಾರ ಪತ್ರಿಕೆಗಳನ್ನು ತನ್ನ ಹಿಡಿತದಲ್ಲಿಡಲು ಅದನ್ನು ಮಾಡಿದ್ದಿರಬಹುದು. ಆದರೂ ಓದುಗನಿಗೆ ಅದರಿಂದ ಒಂದು ಉಪಕಾರವಾಯಿತು. ಸುದ್ದಿ ಸುಳ್ಳಾದರೆ ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಾಯಿತು. ಆ ಹಳೆಯ ಕಾಯ್ದೆಯ ಸ್ಥಾನದಲ್ಲಿ 2023ರಲ್ಲಿ ಹೊಸ ಕಾಯ್ದೆ ಬಂದು 2024ರ ಮಾರ್ಚ್ 1ರಿಂದ ಜಾರಿಯಾಯಿತು. ಅಡಿಯ ಸಾಲು ಮಾತ್ರ ಈಗಲೂ ಇದೆ.

ವಾಟ್ಸಾಪಿನಲ್ಲಿ ತೇಲಿಬರುವ ಸುದ್ದಿಗೆ ಆ ಅಡಿಯ ಸಾಲು ಇಲ್ಲ. ಬರೆದವನು ಯಾರು, ಯಾವ ಊರಿನವನು, ಯಾವ ದಿನ ಬರೆದನು ಒಂದೂ ಇಲ್ಲ. ನಿಮಗೆ ಕಳಿಸಿದವನು ಪರಿಚಿತನೇ ಇರುತ್ತಾನೆ, ಬೀಗರ ಮನೆಯವನೇ ಇರುತ್ತಾನೆ; ಅವನ ಮುಖ ನೋಡಿ ನಾವು ನಂಬುತ್ತೇವೆ. ಆದರೆ ಅವನು ಬರೆದವನಲ್ಲ, ಕೇವಲ ದಾಟಿಸಿದವನು. ಕೇಳಿದರೆ, ನನಗೂ ಯಾರೋ ಕಳಿಸಿದರು ರೀ ಎನ್ನುತ್ತಾನೆ. ಆ ಯಾರೋ ಎಂಬುವನ ವಿಳಾಸ ಯಾರಿಗೂ ಗೊತ್ತಿಲ್ಲ.

ಇದರಿಂದ ಏನಾಗುತ್ತದೆಂಬುದನ್ನು ನಮ್ಮ ಕಲ್ಯಾಣ ಕರ್ನಾಟಕದ ನೆಲವೇ ಕಂಡಿದೆ. ಬೀದರ ಜಿಲ್ಲೆ ಔರಾದ ತಾಲ್ಲೂಕಿನ ಮುರ್ಕಿ ಎಂಬ ಹಳ್ಳಿಯಲ್ಲಿ 2018ರ ಜುಲೈ 13ರಂದು ಹೈದರಾಬಾದಿನ ಒಬ್ಬ ಯುವಕನನ್ನು ಮಕ್ಕಳ ಕಳ್ಳನೆಂದು ಭ್ರಮಿಸಿದ ಗುಂಪು ಹೊಡೆದು ಕೊಂದಿತು. ಅವನು ಕಂಪ್ಯೂಟರ್ ಇಂಜಿನಿಯರ್. ಗೆಳೆಯರೊಂದಿಗೆ ಬಂದವನು. ದಾರಿಯ ಹಳ್ಳಿಯೊಂದರಲ್ಲಿ ಆ ಗೆಳೆಯರು ಶಾಲೆಯ ಮಕ್ಕಳಿಗೆ ಪ್ರೀತಿಯಿಂದ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ಆ ಹಳ್ಳಿಯ ಶಂಕೆ ಮೊಬೈಲಿನಲ್ಲಿ ಮುಂದಿನ ಹಳ್ಳಿಗೆ ಅವರ ಕಾರಿಗಿಂತ ಮೊದಲೇ ತಲುಪಿತು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಅತಿಥಿಗೆ ಅನ್ನವಿಕ್ಕದೆ ಉಣ್ಣಬಾರದೆಂದು ಬದುಕಿದ ನಾಡಿದು. ಅಲ್ಲಿನ ಜನ ಕಟುಕರಲ್ಲ. ನಮ್ಮಂತಹ ಒಕ್ಕಲು ಮಕ್ಕಳೇ. ವಾರಗಟ್ಟಲೆ ಬೆಳಿಗ್ಗೆ ಎದ್ದರೆ ಅದೇ ಸುದ್ದಿ, ಮಲಗಿದರೆ ಅದೇ ಸುದ್ದಿ ಎಂದು ನೋಡುತ್ತ ಬಂದವರ ಮನಸ್ಸಿನಲ್ಲಿ ಭೀತಿ ಹೊಗೆಯಾಡುತ್ತಿತ್ತು, ಕಿಡಿಯೊಂದು ಬಿತ್ತು. ಅದೇ ತಿಂಗಳು ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ತಂದರು. ಹಲವು ಕೈ ದಾಟಿ ಬಂದ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತು ಇರುತ್ತದೆ. 2020ರಿಂದ ಅಂಥದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಬರುತ್ತದೆ. ಕನ್ನಡಕ ಹಾಕಿಕೊಂಡು ಆ ಎರಡು ಬಾಣವನ್ನು ಗುರುತಿಸಲು ಹಿರಿಯರು ಕಲಿಯಬೇಕು. ಬಾಣದ ಗುರುತಿದ್ದರೆ ಅದು ಯಾರ ಕಣ್ಣಾರೆ ಕಂಡ ಸುದ್ದಿಯೂ ಅಲ್ಲವೆಂದು ತಿಳಿಯಬೇಕು.

ಬೀದರದ ಮಾತು ದೂರದ್ದಾಯಿತು ಎನ್ನುವವರಿಗೆ ನಮ್ಮ ಹೊಳೆಯ ಮಾತನ್ನೇ ಹೇಳೋಣ. 2024ರ ಆಗಸ್ಟ್ 10, ಶನಿವಾರ. ತುಂಗಭದ್ರಾ ಅಣೆಕಟ್ಟು ಭರ್ತಿಯಾಗಿತ್ತು. ರಾತ್ರಿ ಸುಮಾರು ಹನ್ನೊಂದರ ವೇಳೆಗೆ 19ನೆಯ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ಒಟ್ಟು 33 ಗೇಟುಗಳಲ್ಲಿ ಒಂದು. ಅಣೆಕಟ್ಟಿನ ಎಪ್ಪತ್ತು ವರ್ಷದ ಬಾಳಿನಲ್ಲಿ ಹೀಗಾದದ್ದು ಅದೇ ಮೊದಲು. ಅದೊಂದೇ ಕಿಂಡಿಯಿಂದ ಸುಮಾರು 35,000 ಕ್ಯುಸೆಕ್ ನೀರು ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು.

ಆ ಹೊತ್ತು ಹಳ್ಳಿಗೆ ಬರುವ ಪತ್ರಿಕೆಗಳ ಪುಟಗಳು ಅಚ್ಚಿಗೆ ಹೋಗುವ ಹೊತ್ತು. ಕಟ್ಟೆಯ ಮೇಲೆ ಕಾಯುವವನಿಗೆ ಪೂರ್ತಿ ವಿವರ ಅಚ್ಚಿನಲ್ಲಿ ಸಿಗಬೇಕಾದರೆ ಸೋಮವಾರದ ತನಕ ಕಾಯಬೇಕು. ಮರಿಯಮ್ಮನಹಳ್ಳಿಯೇನೋ ಹಿನ್ನೀರಿನ ಮಗ್ಗುಲಿನ ಊರು, ಅಣೆಕಟ್ಟಿನ ಮೇಲ್ಭಾಗದ್ದು. ಆದರೆ ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟಿರುವುದು ಕಂಪ್ಲಿಗೆ, ಗಂಗಾವತಿಗೆ, ಸಿರುಗುಪ್ಪಕ್ಕೆ. ಆ ರಾತ್ರಿ ಎಷ್ಟು ಮನೆಗಳಲ್ಲಿ ನಿದ್ದೆ ಬಿದ್ದಿರಲಿಕ್ಕಿಲ್ಲ! ಗೇಟು ಹೋಗಿದೆ ಎಂಬುದು ಸತ್ಯ, ಡ್ಯಾಮೇ ಒಡೆದಿದೆ ಎಂದರೆ ಅಸತ್ಯ. ಈ ಎರಡು ಮಾತಿಗೂ ಇರುವ ಅಂತರ ಒಂದೆರಡು ಪದದ್ದು. ಆದರೆ ಮೊದಲನೆಯದನ್ನು ಕೇಳಿದವನು ನದೀತೀರದ ದನಕರುಗಳನ್ನು, ಪಂಪ್‌ಸೆಟ್ಟನ್ನು ಮೇಲಕ್ಕೆ ಸಾಗಿಸುತ್ತಾನೆ. ಎರಡನೆಯದನ್ನು ಕೇಳಿದವನು ಕತ್ತಲಲ್ಲಿ ಮುದುಕರನ್ನೂ ಕೂಸುಗಳನ್ನೂ ಹೊತ್ತು ಓಡುತ್ತಾನೆ. ಅಂತಹ ರಾತ್ರಿ ಮೊಬೈಲೇ ಗತಿ, ಬೇರೆ ದಾರಿಯಿಲ್ಲ. ಆ ಮೊಬೈಲಿನಲ್ಲಿ ಯಾರ ಮಾತನ್ನು ಮೊದಲು ನೋಡಬೇಕೆಂಬ ಅಭ್ಯಾಸ ಮಾತ್ರ ಅಪಾಯ ಬಂದ ರಾತ್ರಿ ಹುಟ್ಟುವುದಿಲ್ಲ. ದಿನವೂ ಬೆಳಿಗ್ಗೆ ರೂಢಿಸಿಕೊಂಡಿದ್ದರೆ ಆ ರಾತ್ರಿ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಪೂಜೆಯ ನಿಯಮವನ್ನು ನಿತ್ಯ ಎನ್ನುವುದು ಸುಮ್ಮನೆಯೇ?

ಆದುದರಿಂದ ನಮ್ಮ ಭಾಗದ ಒಕ್ಕಲುತನದ ಮನೆಗಳಲ್ಲಿ ಬೆಳಗಿನ ಮೊದಲ ಓದು ಅಣೆಕಟ್ಟಿನ ಅಂಕಿಗಳಾಗಿರಲಿ ಎಂಬುದು ನಮ್ಮ ಅಭಿಪ್ರಾಯ. 1953ರಲ್ಲಿ ಸ್ಥಾಪನೆಯಾದ ತುಂಗಭದ್ರಾ ಮಂಡಳಿಯ ಕಚೇರಿ ಇರುವುದು ನಮ್ಮ ಮಗ್ಗುಲಲ್ಲೇ. ನೀರಿನ ಮಟ್ಟವನ್ನು ಅಳೆಯುವವರು ಅವರೇ. ಅವರ ಅಂಕಿಗಿಂತ ಮೂಲದ ಅಂಕಿ ಇನ್ನೊಂದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಜಲಾಶಯಗಳ ದೈನಂದಿನ ಮಟ್ಟವನ್ನು, ಮಳೆಯ ಪ್ರಮಾಣವನ್ನು ಪ್ರಕಟಿಸುತ್ತದೆ. ಮಗನಿಗೋ ಮೊಮ್ಮಗಳಿಗೋ ಹೇಳಿ ಇವನ್ನು ಮೊಬೈಲಿನಲ್ಲಿ ಹುಡುಕಿಸಿ ಇಟ್ಟುಕೊಂಡರೆ ಆಮೇಲೆ ಒಂದು ಬೆರಳಿನ ಕೆಲಸ.

ಅಂಕಿಗಳನ್ನು ಕಂಡು ಹಿರಿಯರು ಹಿಂಜರಿಯಬಾರದು. ನಾಲ್ಕೇ ಇರುತ್ತವೆ. ಮಟ್ಟ ಎಷ್ಟು ಅಡಿ (ಪೂರ್ಣ ಮಟ್ಟ 1,633 ಅಡಿ), ಸಂಗ್ರಹ ಎಷ್ಟು ಟಿಎಂಸಿ, ಒಳಹರಿವು ಎಷ್ಟು ಕ್ಯುಸೆಕ್, ಹೊರಹರಿವು ಎಷ್ಟು ಕ್ಯುಸೆಕ್. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳು. ಲೆಕ್ಕ ಹಾಕಿದರೆ ಸುಮಾರು 11,574 ಕ್ಯುಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ ಆಯಿತು. ಹನ್ನೊಂದೂವರೆ ಸಾವಿರಕ್ಕೆ ಒಂದು ಎಂದು ನೆನಪಿಟ್ಟರೆ ಸಾಕು. ಈ ಒಂದು ಲೆಕ್ಕ ಬಲ್ಲವನನ್ನು ಯಾವ ಸುಳ್ಳು ಸುದ್ದಿಯೂ ಸುಲಭದಲ್ಲಿ ಮರುಳು ಮಾಡಲಾರದು. ಆ ಆಗಸ್ಟಿನಲ್ಲಿ 19ನೆಯ ಗೇಟಿನಿಂದ ಹೋಗುತ್ತಿದ್ದ 35,000 ಕ್ಯುಸೆಕ್ ಎಂದರೆ ದಿನಕ್ಕೆ ಮೂರು ಟಿಎಂಸಿ. 105 ಟಿಎಂಸಿಯ ಕೆರೆ ಆ ಕಿಂಡಿಯೊಂದರಿಂದ ಒಂದು ರಾತ್ರಿಯಲ್ಲಿ ಬರಿದಾಗಲಾರದು ಎಂದು ಕಟ್ಟೆಯ ಮೇಲೆ ಕುಳಿತವನೇ ಹೇಳಬಹುದಿತ್ತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಿಂಡಿಯನ್ನು ಮುಚ್ಚಲಾಯಿತು. ನಂತರ ಮಳೆಯೂ ಕೈಹಿಡಿಯಿತು.

ಇನ್ನೊಂದು ಮಾತು. ಇದೇ ಅಣೆಕಟ್ಟು ಮೊದಲು 130 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. 2025ರ ಮುಂಗಾರಿನಲ್ಲಿ ಗೇಟುಗಳ ಸ್ಥಿತಿಯನ್ನು ನೋಡಿ 80 ಟಿಎಂಸಿಗೆ ಸಂಗ್ರಹವನ್ನು ಮಿತಿಗೊಳಿಸಿದರು. ಹೊಳೆಯಲ್ಲಿ ನೀರು ಕಂಡೊಡನೆ ಎರಡನೆಯ ಬೆಳೆಗೆ ಭತ್ತದ ಬೀಜ ತರಲು ಹೊರಡುವ ರೈತನಿಗೆ ಈ 80 ಎಂಬ ಅಂಕಿ ಎಷ್ಟು ಮುಖ್ಯ! ಹೊಳೆ ನೋಡಿದರೆ ತಿಳಿಯದು. ಕಂಪ್ಲಿಯ ಕಡೆಗೆ ಹೋಗುವವರಂತೂ ಹೊರಹರಿವನ್ನು ನೋಡದೆ ಹೊರಡಬಾರದು. ಅದು ಲಕ್ಷ ದಾಟಿ ಏರತೊಡಗಿದರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಗಂಗಾವತಿ ನಡುವಿನ ಸೇತುವೆಯ ಮೇಲೆ ಬಸ್ಸು ನಿಲ್ಲುತ್ತದೆ. ಸೇತುವೆಯ ತನಕ ಹೋಗಿ ಮರಳಿ ಬರುವ ಬಸ್ ಚಾರ್ಜನ್ನು ಯಾರು ಕೊಡುತ್ತಾರೆ?

ನೀರಾದ ಮೇಲೆ ಧಾರಣೆ. ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಎಂಬ ಜಾಲತಾಣದಲ್ಲಿ ರಾಜ್ಯದ ಮಾರುಕಟ್ಟೆಗಳ ದರ ಸಿಗುತ್ತದೆ. ಒಂದೊಂದು ಮಾಲಿಗೆ ಮೂರು ದರ ಬರೆದಿರುತ್ತಾರೆ: ಕನಿಷ್ಠ, ಗರಿಷ್ಠ, ಮಾದರಿ. ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು ಮಾದರಿ ದರ. ಮೊಬೈಲಿನಲ್ಲಿ ಹಾರಾಡುವ ಸುದ್ದಿಯಲ್ಲಿ ಮಾತ್ರ ಗರಿಷ್ಠದ ಹೊರತು ಬೇರೊಂದು ದರವೇ ಇರುವುದಿಲ್ಲ! ಯಾರೋ ಒಬ್ಬರ ಎರಡು ಚೀಲ ಮೆಣಸಿನಕಾಯಿಗೆ ಬಂದ ಬೆಲೆಯನ್ನು ಇಡೀ ಸೀಮೆಯ ಬೆಲೆಯೆಂದು ತಿಳಿದು, ಲಾರಿ ಬಾಡಿಗೆ ಕೊಟ್ಟು ಬ್ಯಾಡಗಿಗೆ ಹೋದ ರೈತ ಅಲ್ಲಿ ಟೆಂಡರ್ ಚೀಟಿ ನೋಡಿ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾನೆ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಹಠಾತ್ತನೆ ಕುಸಿದು, ರೊಚ್ಚಿಗೆದ್ದ ಜನ ಎಪಿಎಂಸಿ ಕಚೇರಿಯ ಮೇಲೆ ನುಗ್ಗಿ ವಾಹನಗಳಿಗೆ ಬೆಂಕಿ ಇಟ್ಟದ್ದನ್ನು ಎಲ್ಲರೂ ಬಲ್ಲರು. ದರ ಕುಸಿಯುವುದನ್ನು ಬೆಳಗಿನ ಓದು ತಡೆಯಲಾರದು. ಆದರೆ ಹಿಂದಿನ ಎರಡು ಮೂರು ವಾರದ ಮಾದರಿ ದರ, ಬಂದ ಚೀಲಗಳ ಸಂಖ್ಯೆ ಇವೆರಡನ್ನು ನೋಡುತ್ತ ಬಂದವನಿಗೆ ಲಾರಿ ಹೇಳುವ ಮುನ್ನ ಕ್ಷಣಕಾಲ ಯೋಚಿಸಲು ಒಂದು ಆಧಾರವಾದರೂ ಇರುತ್ತದೆ.

ಎಲ್ಲ ಬಿಟ್ಟು ಬರಿಯ ನೀರು, ದರ ಎಂದರೆ ಓದಿನಲ್ಲಿ ಸ್ವಾರಸ್ಯವೇನು ಎನ್ನಬಹುದು. ಊರ ಸುದ್ದಿಯೂ ಬೇಕು. ಅದಕ್ಕೆ ಇ-ಪೇಪರಿನ ಜಿಲ್ಲಾ ಪುಟ ಒಳ್ಳೆಯದು; ಅಚ್ಚಿನಲ್ಲಿರುವ ಪುಟವೇ ಅಲ್ಲಿದೆ, ಬೆರಳಿನಿಂದ ಹಿಗ್ಗಿಸಿದರೆ ಅಕ್ಷರ ಸಾಸಿವೆಯಿಂದ ಕಡಲೆಯಷ್ಟಾಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಇದೊಂದು ವರ. ಅಮೆರಿಕದಲ್ಲಿರುವ ಮಗ ಅಲ್ಲಿನ ಸಂಜೆ ಊಟಕ್ಕೆ ಕೂಡುವ ಹೊತ್ತಿಗೆ ನಮ್ಮ ಮರುದಿನದ ಹೊಸಪೇಟೆ ಪುಟ ಅವನ ಕೈಯಲ್ಲಿರುತ್ತದೆ. ಊರಿನಲ್ಲಿ ಜಾತ್ರೆಯ ತೇರು ಎಳೆದ ಸುದ್ದಿಯನ್ನು ಅಪ್ಪನಿಗೆ ಫೋನಿನಲ್ಲಿ ಅವನೇ ಹೇಳುವ ವಿಚಿತ್ರವೂ ನಡೆದಿದೆ.

2021ರ ನವೆಂಬರ್ 9ರಂದು ನಮ್ಮ ಮರಿಯಮ್ಮನಹಳ್ಳಿಯ ಮಾತಾ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸುವಾಗ, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಒಳ್ಳೆಯದನ್ನು ಸಹ ಮೊಬೈಲ್ ಅಷ್ಟೇ ವೇಗದಲ್ಲಿ ಸಾಗಿಸುತ್ತದೆಂಬುದಕ್ಕೆ ಅದು ಸಾಕ್ಷಿ. ಆದರೆ ಆ ತುಣುಕು ನೋಡಿ ಆನಂದಿಸಿದ ಲಕ್ಷಾಂತರ ಜನಕ್ಕೆ ಆ ತಾಯಿ ಯಾರು, ಜೋಗತಿ ಎಂದರೇನು, ತಿರಸ್ಕಾರವನ್ನು ಉಂಡು ಜೋಗತಿ ನೃತ್ಯವನ್ನು ಹೇಗೆ ಉಳಿಸಿದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಗಿರಿ ಹೇಗೆ ಬಂದಿತು ಎಂಬುದು ಅರ್ಧ ನಿಮಿಷದ ಚಿತ್ರದಿಂದ ತಿಳಿಯಲಿಲ್ಲ. ಅದನ್ನು ತಿಳಿಸಿದ್ದು ಹೆಸರು ಹಾಕಿ ಬರೆದ ವರದಿಗಾರರು. ಚಿತ್ರ ಬಂದರೆ ಸಂತೋಷ. ವರದಿಯನ್ನು ಹುಡುಕಿ ಓದುವ ಶ್ರಮವನ್ನೂ ತೆಗೆದುಕೊಳ್ಳಬೇಕು.

ಇದೆಲ್ಲ ನಮ್ಮ ಕೈಲಾಗದು, ಮೊಬೈಲಿನ ತಂಟೆಯೇ ಬೇಡ ಎನ್ನುವ ವೃದ್ಧರಿಗೆ ಹಳೆಯ ಸ್ನೇಹಿತ ಆಕಾಶವಾಣಿ ಇದೆ. ಬೆಳಿಗ್ಗೆ ಏಳು ಗಂಟೆ ಐದು ನಿಮಿಷದ ಪ್ರದೇಶ ಸಮಾಚಾರಕ್ಕೆ ಗಡಿಯಾರ ಹೊಂದಿಸಿಕೊಂಡ ಮನೆಗಳು ನಮ್ಮಲ್ಲಿ ಎಷ್ಟಿದ್ದವು! ಹೊಸಪೇಟೆಯಲ್ಲಿಯೂ ಆಕಾಶವಾಣಿಯ ಕೇಂದ್ರವಿದೆ. ರೇಡಿಯೋ ಪೆಟ್ಟಿಗೆ ಕೆಟ್ಟಿದ್ದರೆ ಆಕಾಶವಾಣಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೊಬೈಲಿನಲ್ಲಿಯೇ ಅದನ್ನು ಕೇಳಿಸುತ್ತದೆ. ಕೂಗಾಟವಿಲ್ಲ, ಕೆಂಪು ಅಕ್ಷರದ ಬೆದರಿಕೆಯಿಲ್ಲ. ಓದುವವರ ಹೆಸರು ಹೇಳಿ ಓದುತ್ತಾರೆ.

ಮೊಬೈಲ್ ಬಲ್ಲ ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಒಬ್ಬರೇ ಓದಬೇಡಿರಿ. ಕಟ್ಟೆಯ ಮೇಲೆ ಒಬ್ಬ ಓದಿ ಹತ್ತು ಮಂದಿ ಕೇಳುತ್ತಿದ್ದಾಗ ಸುಳ್ಳಿಗೆ ಅರ್ಧ ಬಲ ಅಲ್ಲಿಯೇ ಉಡುಗುತ್ತಿತ್ತು, ಏಕೆಂದರೆ ಕೇಳುವವರಲ್ಲಿ ಒಬ್ಬನಾದರೂ ಆ ಊರನ್ನು ಬಲ್ಲವನು, ಆ ಹೊಳೆಯನ್ನು ಕಂಡವನು ಇರುತ್ತಿದ್ದ. ಅವನು ಬಾಯಿ ಹಾಕುತ್ತಿದ್ದ. ಅಂಗೈಯಗಲದ ಗಾಜಿನೊಳಗೆ ಒಬ್ಬನೇ ಮುಖವಿಟ್ಟು ಓದುವವನಿಗೆ ಹಾಗೆ ಬಾಯಿ ಹಾಕುವವರು ಯಾರೂ ಇಲ್ಲ. ಚಹಾ ಕುದಿಯುವ ಹೊತ್ತಿನಲ್ಲಿ ಅಜ್ಜನ ಬಳಿ ಐದು ನಿಮಿಷ ಕುಳಿತು, ಇವತ್ತಿನ ಮಟ್ಟ ಇಷ್ಟು ತಾತಾ, ಒಳಹರಿವು ಇಷ್ಟು ಎಂದು ಜೋರಾಗಿ ಓದಿ ಹೇಳಿರಿ. ತಾತ ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲ್ಲಿನಿಂದ ಬರೆದಿಡಲಿ. ಜೂನಿನಿಂದ ನವೆಂಬರಿನವರೆಗೆ ಬರೆದರೆ ಸಾಕು. ಮುಂದಿನ ವರ್ಷದ ಕ್ಯಾಲೆಂಡರ್ ತೂಗುಹಾಕುವಾಗ ಹಳೆಯದನ್ನು ಮಾತ್ರ ಒಲೆಗೆ ಹಾಕಬಾರದು.